ಮೆಣಸಿನಕಾಯಿಯ ಮೇಲೆ ಸುಳ್ಳು ದೂರು

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಅಮರಗೋಳದಲ್ಲಿ, ಎಪಿಎಂಸಿ ಮಾರುಕಟ್ಟೆಯ ಹತ್ತಿರ ನನ್ನದೊಂದು ಔಷಧಿ ಅಂಗಡಿ ಇದೆ. ಕೂಲಿ ಬಟವಾಡೆಯ ಮರುದಿನ ಬೆಳಿಗ್ಗೆ ಕದ ತೆರೆದರೆ ಸಾಕು, ಒಂದಿಬ್ಬರು ಹೊಟ್ಟೆ ಹಿಡಿದುಕೊಂಡು ನಿಂತಿರುತ್ತಾರೆ. "ಅಣ್ಣಾ, ಎದೆಯೆಲ್ಲ ಉರಿಯುತ್ತಿದೆ, ಗ್ಯಾಸಿನ ಗುಳಿಗೆ ಕೊಡಿ." ರಾತ್ರಿ ಏನು ತಿಂದಿರಿ ಎಂದು ಕೇಳಿದರೆ, "ಮಿರ್ಚಿ ಭಜಿ ಸ್ವಲ್ಪ ಹೆಚ್ಚಾಯಿತು" ಎನ್ನುತ್ತಾರೆ. ಭಜಿಯ ಜೊತೆಗೆ ಏನಿತ್ತು ಎಂದು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ವಾಸನೆ ಕೌಂಟರ್ ದಾಟಿ ಬರುತ್ತದೆ.

ಬ್ಯಾಡಗಿಯ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವನಾದ್ದರಿಂದ ಮೆಣಸಿನಕಾಯಿಯ ಪರವಾಗಿ ಎರಡು ಮಾತು ಆಡಲೇಬೇಕು. ಖಾರ ಉರಿಸುತ್ತದೆ, ಹೊಟ್ಟೆಯೊಳಗೆ ಇದ್ದ ಹುಣ್ಣನ್ನು ಕೆಣಕಲೂಬಹುದು. ಆದರೆ ಹುಣ್ಣು ಹುಟ್ಟಿಸುವವರು ಬೇರೆಯವರು. ಖಾರ ಮತ್ತು ಚಿಂತೆಯಿಂದಲೇ ಹುಣ್ಣಾಗುತ್ತದೆ ಎಂದು ವೈದ್ಯರೂ ನಂಬಿದ್ದ ಕಾಲವೊಂದಿತ್ತು. 1984ರಲ್ಲಿ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತ ತರಿಸಿಕೊಂಡು ತೋರಿಸಿದರು. ಈ ಬ್ಯಾಕ್ಟೀರಿಯಾ ಹುಣ್ಣಿಗೆ ಕಾರಣ ಎಂದು ಕಂಡುಹಿಡಿದದ್ದಕ್ಕೆ 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರೆನ್ನರಿಗೂ ನೊಬೆಲ್ ಬಂತು. ಕುಡಿದು ಮರ್ಯಾದೆ ಪಡೆದವರು ನನಗೆ ಗೊತ್ತಿರುವ ಮಟ್ಟಿಗೆ ಇವರೊಬ್ಬರೇ.

ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ನೋವಿನ ಗುಳಿಗೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಜಠರದೊಳಗಿನ ಆಮ್ಲ ಮಾಂಸವನ್ನೇ ಕರಗಿಸುವಷ್ಟು ತೀಕ್ಷ್ಣ. ಅದು ಜಠರವನ್ನೇ ತಿನ್ನದಂತೆ ಒಳಗೋಡೆಗೆ ಲೋಳೆಯ ಗಿಲಾವು ಇರುತ್ತದೆ. ಆ ಗಿಲಾವನ್ನು ದಿನವೂ ಹೊಸದಾಗಿ ಬಳಿಸುವ ವಸ್ತುವೊಂದನ್ನು ದೇಹವೇ ತಯಾರಿಸುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಅದರ ತಯಾರಿಕೆಯನ್ನೇ ತಡೆಯುತ್ತವೆ. ಗಿಲಾವು ಉದುರುತ್ತಿರುವ ಆ ಗೋಡೆಗೆ ವಿಸ್ಕಿ ಸುರಿದರೆ? ನಮ್ಮಲ್ಲಿ ಮಾರುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಮದ್ಯಸಾರವಿರುತ್ತದೆ. ಅದು ಲೋಳೆಯನ್ನು ನೇರವಾಗಿ ಕೆಡಿಸುತ್ತದೆ. ಬಿಯರಿನಲ್ಲಿ ಮದ್ಯಸಾರ ಕಡಿಮೆ, ಆದರೆ ಅದು ಜಠರದ ಆಮ್ಲವನ್ನು ಹೆಚ್ಚಿಸುತ್ತದೆ. ಊಟ ಮಾಡಿ ಕುಡಿದರೆ ಮದ್ಯ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ ಎನ್ನುವುದು ನಿಜ. ನಿಧಾನವಾಗಿ ಸೇರುತ್ತದೆ, ಸೇರದೇ ಇರುವುದಿಲ್ಲ.

ಇಷ್ಟೆಲ್ಲ ಹೇಳಲು ಒಬ್ಬ ಹಮಾಲರು ಕಾರಣ. ದಿನವಿಡೀ ಚೀಲ ಹೊತ್ತು ಸೊಂಟ ಹಿಡಿದುಕೊಂಡಿತ್ತು. ಬೆಳಿಗ್ಗೆ ಕಿರಾಣಿ ಅಂಗಡಿಯಿಂದ ಒಂದು ನೋವಿನ ಗುಳಿಗೆ, ಸಂಜೆ ಖಾಲಿ ಹೊಟ್ಟೆಗೆ ಒಂದು ಕ್ವಾರ್ಟರ್. ತಿಂಗಳುಗಟ್ಟಲೆ ಹೀಗೇ ನಡೆದಿತ್ತು. ಆ ಗುಳಿಗೆಯನ್ನು ಚೀಟಿ ಕೇಳದೆ ಒಂದೆರಡು ಸಲ ನಾನೂ ಕೊಟ್ಟಿದ್ದೇನೆ, ಸುಳ್ಳು ಹೇಳಲಾರೆ. ಒಂದು ದಿನ ಎಂದಿನಂತೆ ಗ್ಯಾಸಿನ ಗುಳಿಗೆ ಕೇಳಿದವರು, ಚಿಲ್ಲರೆ ಹುಡುಕುತ್ತಾ, "ಎರಡು ದಿನದಿಂದ ಹೊರಗಡೆಗೆ ಡಾಂಬರಿನಂತೆ ಕಪ್ಪಗೆ ಹೋಗುತ್ತಿದೆ" ಎಂದರು. ಮುಖ ಸುಣ್ಣದಂತಾಗಿತ್ತು. ಕೈ ಮುಟ್ಟಿದೆ, ತಣ್ಣಗಿತ್ತು. ಡಾಂಬರಿನ ಬಣ್ಣದ ಅಂಟು ಮಲವೆಂದರೆ ಮೇಲೆಲ್ಲೋ ರಕ್ತ ಸೋರಿ, ಕರುಳು ದಾಟುವಷ್ಟರಲ್ಲಿ ಕಪ್ಪಾಗಿದೆ ಎಂದು. ಇದಕ್ಕೂ ರಕ್ತವಾಂತಿಗೂ ನನ್ನ ಅಂಗಡಿಯಲ್ಲಿ ಔಷಧಿ ಇಲ್ಲ. ಆಟೋ ಕರೆಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಗಂಟಲಿನಿಂದ ನಳಿಕೆ ಇಳಿಸಿ ನೋಡಿದಾಗ ಜಠರದ ಹುಣ್ಣಿನಿಂದ ರಕ್ತ ಒಸರುತ್ತಿತ್ತಂತೆ. ಎರಡು ಬಾಟಲಿ ರಕ್ತ ಕೊಟ್ಟರು.

ಹಾಗಾದರೆ ಪ್ಯಾರಾಸಿಟಮಾಲ್ ನುಂಗಬಹುದೇ ಎಂದು ಕೆಲವರು ಕೇಳುತ್ತಾರೆ. ಜಠರಕ್ಕೆ ಅದು ಮೆತ್ತಗಿನದು, ನಿಜ. ಆದರೆ ದಿನವೂ ಕುಡಿಯುವವರ ಯಕೃತ್ತಿಗೆ ಅದೂ ಭಾರವಾಗಬಹುದು, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಇನ್ನು ಗ್ಯಾಸಿನ ಗುಳಿಗೆ ಆಮ್ಲವನ್ನು ಕಡಿಮೆ ಮಾಡುತ್ತದೆ. ರಾತ್ರಿಯ ಮದ್ಯ ಮಾಡಿದ ಬೇರೆ ಹಾನಿಯನ್ನು ಅದು ತೊಳೆಯುವುದಿಲ್ಲ.

ಆ ಹಮಾಲರು ಒಂದು ತಿಂಗಳ ನಂತರ ಆಸ್ಪತ್ರೆಯ ಚೀಟಿ ಹಿಡಿದು ಬಂದರು. ಮುಖಕ್ಕೆ ಕಳೆ ಬಂದಿತ್ತು. "ಅಣ್ಣಾ, ಆ ದಿನದಿಂದ ಒಂದೇ ಒಂದು ಮಿರ್ಚಿ ಭಜಿ ಮುಟ್ಟಿಲ್ಲ ನೋಡಿ" ಎಂದರು ಹೆಮ್ಮೆಯಿಂದ.

"ಉಳಿದದ್ದು?" ಎಂದು ಕೇಳಿದೆ.

ಅವರು ತಲೆ ಬಗ್ಗಿಸಿ ಚಿಲ್ಲರೆ ಎಣಿಸತೊಡಗಿದರು.