ಅಗಿದು ಉಗಿದ ಅಂಟು

ಕೇಳುಗರಿಗೆ ನಮಸ್ಕಾರ.

ಡೆನ್ಮಾರ್ಕಿನ ಲೋಲಾಂಡ್ ದ್ವೀಪದಲ್ಲಿ ಮಣ್ಣು ಅಗೆಯುವಾಗ ಒಂದು ಕಪ್ಪು ಚೂರು ಸಿಕ್ಕಿತು. ಬೆರಳ ತುದಿಯಷ್ಟು ಇರಬಹುದು. ನೀವೋ ನಾನೋ ಆಗಿದ್ದರೆ ಮಣ್ಣಿನ ಜೊತೆ ಎಸೆದುಬಿಡುತ್ತಿದ್ದೆವು. ಅದು ಬರ್ಚ್ ಮರದ ತೊಗಟೆ ಕಾಯಿಸಿ ತೆಗೆದ ಅಂಟು. ಕಲ್ಲಿನ ಅಲಗನ್ನು ಹಿಡಿಗೆ ಕೂರಿಸಲು ಆಗಿನ ಜನ ಇಂಥ ಅಂಟು ಬಳಸುತ್ತಿದ್ದರು. ಆರಿದರೆ ಗಟ್ಟಿಯಾಗುತ್ತದೆ. ಮತ್ತೆ ಮೆತ್ತಗಾಗಲಿ ಅಂತ ಬಾಯಿಗೆ ಹಾಕಿಕೊಂಡು ಅಗಿದಿರಬೇಕು. ಸುಮಾರು 5,700 ವರ್ಷದ ಹಿಂದೆ ಯಾರೋ ಅಗಿದು ಉಗಿದ ಅಂಟು ಅದು.

2019ರಲ್ಲಿ ವಿಜ್ಞಾನಿಗಳು ಅದರೊಳಗಿದ್ದ ಡಿಎನ್‌ಎ ಓದಿದ್ದನ್ನು ಪ್ರಕಟಿಸಿದರು. ಅಗಿದದ್ದು ಒಂದು ಹೆಣ್ಣು. ಮೈಬಣ್ಣ ಕಪ್ಪು, ಕೂದಲು ಕಪ್ಪು, ಕಣ್ಣು ಮಾತ್ರ ನೀಲಿ ಇದ್ದಿರಬೇಕು. ಬಾತುಕೋಳಿ ಮತ್ತು ಹೇಜಲ್ ಬೀಜದ ಡಿಎನ್‌ಎ ಕೂಡ ಅದರಲ್ಲೇ ಇತ್ತು. ಆಗಷ್ಟೇ ಊಟ ಮುಗಿಸಿದ್ದಳೋ ಏನೋ! ಅವಳ ಒಂದು ಮೂಳೆಯೂ ಸಿಕ್ಕಿಲ್ಲ. ಸಿಕ್ಕಿದ್ದು ಇದೊಂದು ಅಂಟಿನ ಚೂರು.

ಬರವಣಿಗೆಯೇ ಇಲ್ಲದ ಕಾಲದ ಜನರನ್ನು ಹುಡುಕುವವರಿಗೆ ಬಂಗಾರಕ್ಕಿಂತ ಕಸ ಜಾಸ್ತಿ ಇಷ್ಟ. ಸಮಾಧಿಯಲ್ಲಿ ಏನಿಡಬೇಕು ಅಂತ ಜನ ಯೋಚಿಸಿ ಇಡುತ್ತಾರೆ. ಕಸವನ್ನು ಯೋಚಿಸಿ ಎಸೆಯುವವರು ಯಾರು?

ಅದು ಸರಿ, 5,700 ಅನ್ನೋ ಲೆಕ್ಕ ಎಲ್ಲಿಂದ ಬಂತು? ಗಿಡ, ಪ್ರಾಣಿ, ಮನುಷ್ಯ, ಬದುಕಿರುವ ಎಲ್ಲರ ಮೈಯಲ್ಲೂ ಕಾರ್ಬನ್-14 ಅನ್ನುವ ಒಂದು ಬಗೆಯ ಇಂಗಾಲ ಚೂರುಪಾರು ಇರುತ್ತದೆ. ಜೀವ ಹೋದ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಕರಗುತ್ತ ಹೋಗುತ್ತದೆ. ಸುಮಾರು 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ. ಅಂದರೆ ನಮ್ಮ ಅಂಟಿನಲ್ಲಿ ಹೆಚ್ಚುಕಡಿಮೆ ಅರ್ಧ ಉಳಿದಿತ್ತು ಅಂತಾಯಿತು. ಈ ದಾರಿ ತೋರಿಸಿದ ವಿಲ್ಲಾರ್ಡ್ ಲಿಬಿ ಅವರಿಗೆ 1960ರಲ್ಲಿ ನೊಬೆಲ್ ಬಂತು. ಆದರೆ ಸುಮಾರು 50,000 ವರ್ಷ ದಾಟಿತೆಂದರೆ ಅಳೆಯುವಷ್ಟು ಉಳಿದಿರುವುದಿಲ್ಲ. ಆಗ ಸುತ್ತಲಿನ ಮಣ್ಣು, ಜ್ವಾಲಾಮುಖಿಯ ಬೂದಿ ಇವನ್ನೇ ಕೇಳಬೇಕು.

ಇಂಗ್ಲೆಂಡಿನ ಬಾಕ್ಸ್‌ಗ್ರೋವ್‌ನಲ್ಲಿ ಸುಮಾರು 4,80,000 ವರ್ಷದ ಹಿಂದೆ ಕೆಲವರು ಒಂದು ಕುದುರೆಯನ್ನು ಕೊಯ್ದಿದ್ದರು. ಅಲ್ಲೇ ಕೂತು ಕಲ್ಲು ಒಡೆದು ಕೈಗೊಡಲಿ ಮಾಡಿಕೊಂಡಿದ್ದರು. ಉದುರಿದ ಚಕ್ಕೆಗಳು ಬಿದ್ದಲ್ಲೇ ಇದ್ದವು. ಯಾವ ಚಕ್ಕೆ ಎಲ್ಲಿತ್ತು ಅಂತ ಗುರುತು ಹಾಕಿಕೊಂಡು ಸಂಶೋಧಕರು ಒಂದಕ್ಕೊಂದು ಜೋಡಿಸುತ್ತ ಕೂತರು. ನನ್ನಂಥವನ ಕೈಲಿ ಆಗುವ ಕೆಲಸ ಅಲ್ಲ ಬಿಡಿ. ಕೊನೆಗೆ ಒಡೆದ ಕಲ್ಲು ಮತ್ತೆ ಒಂದಾಯಿತು, ನಡುವೆ ಮಾತ್ರ ಟೊಳ್ಳು. ಆ ಟೊಳ್ಳಿನ ಆಕಾರ ಕೈಗೊಡಲಿಯದು! ಮಾಡಿದವರು ಅದನ್ನು ಹಿಡಿದುಕೊಂಡು ಹೋಗಿಬಿಟ್ಟಿದ್ದರು. ಚಕ್ಕೆಗಳನ್ನು ಸುಮ್ನೆ ಬುಟ್ಟಿಗೆ ಬಳಿದು ಹಾಕಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎಷ್ಟು ಜಾಗರೂಕರಾಗಿದ್ದರೂ ಎಡವಟ್ಟು ಆಗುತ್ತದೆ. 1991ರಲ್ಲಿ ಆಲ್ಪ್ಸ್ ಬೆಟ್ಟದ ಹಿಮದಲ್ಲಿ ಸಿಕ್ಕ ಓಟ್ಜಿಯ ಹೆಸರು ಕೇಳಿರುತ್ತೀರಿ. 5,000 ವರ್ಷಕ್ಕೂ ಹಳೆಯ ದೇಹ. ಅದು ಗೊತ್ತಿಲ್ಲದೆ, ಈಚೆಗೆ ಸತ್ತವನಿರಬೇಕು ಅಂದುಕೊಂಡು ಡ್ರಿಲ್ ಹಾಕಿ ಎಬ್ಬಿಸಲು ಹೋಗಿ ಸೊಂಟಕ್ಕೆ ಪೆಟ್ಟು ಮಾಡಿದರು. ಅವನ ಎಡ ಭುಜದೊಳಗೆ ಬಾಣದ ಮೊನೆ ಇದ್ದದ್ದು ಕಣ್ಣಿಗೆ ಬೀಳಲು 2001ರವರೆಗೆ ಕಾಯಬೇಕಾಯಿತು. ಹತ್ತು ವರ್ಷ ಕಣ್ಣೆದುರೇ ಮಲಗಿದ್ದ, ಅಲ್ವಾ?

ಅದಕ್ಕೇ ಕೆಲವು ಕಡೆ ಅಗೆದದ್ದನ್ನು ಮತ್ತೆ ಮುಚ್ಚುತ್ತಾರೆ. ಟಾಂಜಾನಿಯಾದ ಲೇಟೋಲಿಯಲ್ಲಿ ಮೇರಿ ಲೀಕಿ ಅವರ ತಂಡ 1978ರಲ್ಲಿ ಬೂದಿಯಲ್ಲಿ ಅಚ್ಚಾದ ಹೆಜ್ಜೆಸಾಲು ಕಂಡಿತು. ಸುಮಾರು 36 ಲಕ್ಷ ವರ್ಷದ ಹಿಂದೆ ನಮ್ಮ ಹಾಗೇ ಎರಡು ಕಾಲಲ್ಲಿ ನಡೆದವರ ಹೆಜ್ಜೆ. ಕೆಡದಿರಲಿ ಅಂತ ಮರಳು, ಮಣ್ಣು ಹಾಕಿ ಮುಚ್ಚಿದರು. ಆ ಮಣ್ಣಿನಲ್ಲಿ ಅಕೇಶಿಯಾ ಬೀಜಗಳಿದ್ದವು. ಮೊಳೆತು ಮರಗಳೇ ಆದವು. ಬೇರು ಹೆಜ್ಜೆಗಳನ್ನು ಹಾಳುಮಾಡುವ ಭಯ ಹುಟ್ಟಿ 1990ರ ದಶಕದಲ್ಲಿ ಮತ್ತೆ ತೆಗೆದು, ಬೇರು ಕಿತ್ತು, ಇನ್ನೊಮ್ಮೆ ಮುಚ್ಚಿಟ್ಟರು.