ಯಾರೂ ಔಟಾಗದ ಆಟ: ಮಕ್ಕಳಿಗಾಗಿ ಸಂಗೀತದ ಆಟಗಳು

(ದಾವಣಗೆರೆಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪೋಷಕರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ಮಾನ್ಯ ಶಿಕ್ಷಕ ಬಂಧುಗಳೇ, ಅಂಗನವಾಡಿಯ ತಾಯಂದಿರೇ, ಮಕ್ಕಳ ಕೈಹಿಡಿದು ಬಂದಿರುವ ಪೋಷಕರೇ,

ಸಂಗೀತ ಕುರ್ಚಿಯಿಂದಲೇ ನನ್ನ ಮಾತನ್ನು ಆರಂಭಿಸುತ್ತೇನೆ. ಶಾಲೆಯ ವಾರ್ಷಿಕೋತ್ಸವವಿರಲಿ, ಬೇಸಿಗೆ ಶಿಬಿರವಿರಲಿ, ಗಣೇಶನ ಪೆಂಡಾಲಿರಲಿ, ಸಂಗೀತದ ಆಟವೆಂದರೆ ನಮಗೆ ಮೊದಲು ನೆನಪಾಗುವುದು ಅದೇ. ಹಲವು ವರ್ಷಗಳ ಹಿಂದೆ ಒಂದು ಬೇಸಿಗೆ ಶಿಬಿರದಲ್ಲಿ ನಾನೂ ಈ ಆಟವನ್ನು ಆಡಿಸುತ್ತಿದ್ದೆ. ಮೊದಲ ಸುತ್ತಿನಲ್ಲೇ ಕುರ್ಚಿ ಸಿಗದೆ ಹೊರಬಂದ ಆರೇಳು ವರ್ಷದ ಹುಡುಗಿಯೊಬ್ಬಳು ಜಗಲಿಯ ಮೇಲೆ ಹೋಗಿ ಕುಳಿತಳು. ಕೊನೆಗೆ ಇಬ್ಬರೇ ಉಳಿದು ಚಪ್ಪಾಳೆ ಬೀಳುವವರೆಗೆ, ಸುಮಾರು ಅರ್ಧ ಗಂಟೆ, ಅಲ್ಲಿಯೇ ಕುಳಿತಿದ್ದಳು. ಹಾಡು ನಿಂತದ್ದನ್ನು ಉಳಿದವರಿಗಿಂತ ತಡವಾಗಿ ಗುರುತಿಸಿದ್ದೇ ಅವಳ ತಪ್ಪು. ಕಿವಿಗೊಟ್ಟು ಕೇಳುವ ಅಭ್ಯಾಸ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವಳಿಗೇ ನಾನು ಎಲ್ಲರಿಗಿಂತ ಕಡಿಮೆ ಅವಕಾಶ ಕೊಟ್ಟಿದ್ದೆ. ಅಂದಿನಿಂದ ಮಗು ಔಟಾಗುವ ಯಾವ ಸಂಗೀತದ ಆಟವನ್ನೂ ನಾನು ಆಡಿಸಿಲ್ಲ. ಇಂದು ನಾನು ಹೇಳಲಿರುವ ಆಟಗಳಿಗೆಲ್ಲ ಇದೊಂದೇ ನಿಯಮ.

ಹಾಗೆಂದು ಸಂಗೀತ ಕುರ್ಚಿಯನ್ನು ಬಿಡಬೇಕಾಗಿಲ್ಲ. ಪ್ರತಿ ಸುತ್ತಿನಲ್ಲಿ ಕುರ್ಚಿಯನ್ನು ಮಾತ್ರ ತೆಗೆಯಿರಿ, ಮಗುವನ್ನು ತೆಗೆಯಬೇಡಿ. ಹಾಡು ನಿಂತಾಗ ಉಳಿದ ಕುರ್ಚಿಗಳಲ್ಲೇ ಎಲ್ಲರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ತೊಡೆಯ ಮೇಲೆ ಕೂರಿಸಿಕೊಂಡು, ಹೇಗಾದರೂ ಸೇರಿಕೊಳ್ಳಬೇಕು. ಇನ್ನೊಂದು ಬದಲಾವಣೆಯನ್ನೂ ಮಾಡಬಹುದು. ಹಾಡನ್ನು ನಿಲ್ಲಿಸುವ ಬದಲು ತಮಟೆಯ ನಡೆಯನ್ನು ಬದಲಿಸುತ್ತಾ ಹೋಗಿ: ನಿಧಾನವಾದಾಗ ಆನೆಯಂತೆ ಹೆಜ್ಜೆ, ಚುರುಕಾದಾಗ ಮೇಕೆಮರಿಯಂತೆ ಜಿಗಿತ, ನಿಂತಾಗ ಏಕನಾಥೇಶ್ವರಿಯ ಬೆಟ್ಟದ ಬಂಡೆಯಂತೆ ನಿಶ್ಚಲ. ಸ್ವಿಟ್ಜರ್ಲೆಂಡಿನ ಎಮಿಲ್ ಝಾಕ್-ಡಾಲ್ಕ್ರೋಜ್ (1865–1950) ಜಿನೀವಾದಲ್ಲಿ ಸಂಗೀತ ಕಲಿಸುತ್ತಿದ್ದಾಗ ಒಂದು ವಿಷಯವನ್ನು ಗಮನಿಸಿದರು: ವಾದ್ಯದ ಮುಂದೆ ಕುಳಿತು ಲಯ ತಪ್ಪುವ ವಿದ್ಯಾರ್ಥಿಗಳು ಬೀದಿಯಲ್ಲಿ ನಡೆಯುವಾಗ ಲಯ ತಪ್ಪುವುದಿಲ್ಲ. ಲಯವನ್ನು ಮೊದಲು ಇಡೀ ದೇಹಕ್ಕೆ ಕಲಿಸಬೇಕು ಎಂಬ ಅವರ ಶಿಕ್ಷಣ ಪದ್ಧತಿ ಬೆಳೆದದ್ದು ಅಂತಹ ಗಮನಿಕೆಯಿಂದ. ಕೋಲಾಟದಲ್ಲಿ, ಡೊಳ್ಳು ಕುಣಿತದಲ್ಲಿ ನಮ್ಮ ಹಳ್ಳಿಯ ಮಕ್ಕಳು ಕಲಿಯುತ್ತಾ ಬಂದಿರುವುದೂ ಹೀಗೆಯೇ: ಹೆಜ್ಜೆ ಮೊದಲು, ಲೆಕ್ಕ ಆಮೇಲೆ.

ಲೆಕ್ಕದ ಮಾತು ಬಂದುದರಿಂದ, ನನಗೆ ಅತ್ಯಂತ ಪ್ರಿಯವಾದ ಆಟವನ್ನು ಈಗಲೇ ಹೇಳಿಬಿಡುತ್ತೇನೆ, ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರೆ ಕ್ಷಮಿಸಿ. ಇದಕ್ಕೆ ವಾದ್ಯ ಬೇಡ, ಶ್ರುತಿಪೆಟ್ಟಿಗೆ ಬೇಡ. ಊರುಗಳ ಹೆಸರು ಸಾಕು. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ ಎಂಬುದನ್ನು ನಾವೆಲ್ಲ ಪ್ರೌಢಶಾಲೆಯ ಛಂದಸ್ಸಿನ ಪಾಠದಲ್ಲಿ ಲಘು ಗುರುಗಳ ಗೆರೆ ಎಳೆಯುತ್ತಾ ಕಲಿತವರೇ. ಆರು ವರ್ಷದ ಮಗುವಿಗೆ ಆ ಗೆರೆಗಳು ಬೇಡ. "ಹರಿಹರ" ಎನ್ನುತ್ತಾ ನಾಲ್ಕು ಚಪ್ಪಾಳೆ ತಟ್ಟಲಿ, ಅದೇ "ತಕದಿಮಿ". ದಾವಣಗೆರೆಯ ಪಕ್ಕದ "ಅಣಜಿ" ಮೂರು ಚಪ್ಪಾಳೆ, ಅದು "ತಕಿಟ". "ನ್ಯಾಮತಿ" ಎನ್ನುವಾಗ ಮೊದಲ ಅಕ್ಷರಕ್ಕೆ ತಟ್ಟಿದ ಕೈಯನ್ನು ಇನ್ನೊಂದು ಮಾತ್ರೆಯಷ್ಟು ಹಾಗೆಯೇ ಹಿಡಿದಿಡಬೇಕು. ಅದೂ ನಾಲ್ಕೇ ಮಾತ್ರೆ, ಆದರೆ ಹರಿಹರದ ನಡೆ ಬೇರೆ, ನ್ಯಾಮತಿಯ ನಡೆ ಬೇರೆ ಎಂದು ಮಕ್ಕಳು ತಾವಾಗಿಯೇ ಹೇಳುತ್ತಾರೆ.

ಇನ್ನು ಐದು ಮಾತ್ರೆಯ ಊರುಗಳನ್ನು ಹುಡುಕಿರಿ ಎಂದು ಹೇಳಿ ನೋಡಿ. ಚಳ್ಳಕೆರೆ, ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ, ಜಗಳೂರು, ಹೊನ್ನಾಳಿ, ಚನ್ನಗಿರಿ: ನಮ್ಮ ಎರಡು ಜಿಲ್ಲೆಗಳ ತಾಲ್ಲೂಕು ಕೇಂದ್ರಗಳಲ್ಲಿ ಏಳು ಊರುಗಳು ಸರಿಯಾಗಿ ಐದೈದು ಮಾತ್ರೆ ತೂಗುತ್ತವೆ. ಇದನ್ನು ಕಂಡುಕೊಂಡ ದಿನ ನಾನು ಪಟ್ಟ ಸಂತೋಷವನ್ನು ಹೇಳಲಾರೆ. "ಚಳ್ಳಕೆರೆ ಹೊಸದುರ್ಗ ಹಿರಿಯೂರು ಜಗಳೂರು" ಎಂದು ಒಂದೇ ಉಸಿರಿಗೆ ಹೇಳಿದರೆ ಐದು ಮಾತ್ರೆಯ ನಾಲ್ಕು ಗಣಗಳಾಗುತ್ತವೆ, ಮಾತ್ರೆಯ ಲೆಕ್ಕದಲ್ಲಿ ಅದು ವಾರ್ಧಕ ಷಟ್ಪದಿಯ ಒಂದು ಸಾಲು. ಚನ್ನಗಿರಿ ತಾಲ್ಲೂಕಿನ ನಮ್ಮ ದೊಡ್ಡ ಕೆರೆ "ಶಾಂತಿಸಾಗರ" ಮೂರು ಮತ್ತು ನಾಲ್ಕು, ಒಟ್ಟು ಏಳು ಮಾತ್ರೆ. ಅದನ್ನು ಎರಡು ಸಲ ಹೇಳಿದರೆ ಭಾಮಿನಿ ಷಟ್ಪದಿಯ ಸಾಲಿನ ನಡೆ ಬರುತ್ತದೆ. "ಮೊಳಕಾಲ್ಮೂರು" ಕೂಡ ಏಳೇ, ಆದರೆ ನಾಲ್ಕು ಮೊದಲು, ಮೂರು ಆಮೇಲೆ. ಒಂದು ಗುಂಪು ಕೆರೆಯ ಹೆಸರನ್ನೂ ಇನ್ನೊಂದು ಗುಂಪು ರೇಷ್ಮೆ ಸೀರೆಯ ಊರಿನ ಹೆಸರನ್ನೂ ಸರದಿಯ ಮೇಲೆ ಹೇಳಿದಾಗ "ತಕಿಟತಕದಿಮಿ" ತಿರುಗಿ "ತಕದಿಮಿತಕಿಟ" ಆಗುವುದು ಮಕ್ಕಳ ಕಿವಿಗೆ ತಟ್ಟುತ್ತದೆ. ಒಂಬತ್ತು ಬೇಕಾದರೆ "ಹರಿಹರ ಜಗಳೂರು" ಎನ್ನಬಹುದು. ಕರ್ನಾಟಕ ಸಂಗೀತದ ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳು, ಅಂದರೆ ಮೂರು, ನಾಲ್ಕು, ಐದು, ಏಳು, ಒಂಬತ್ತು, ಹೀಗೆ ಭೂಪಟದ ಮೇಲೆಯೇ ಬಂದುಬಿಟ್ಟವು. ತಿಂಡಿಯ ಹೊತ್ತಿನಲ್ಲಿ "ಮಂಡಕ್ಕಿ ಮಿರ್ಚಿ" ಎಂದರೆ ಐದು ಮತ್ತು ಮೂರು ಸೇರಿ ಎಂಟಾಗಿ, ಆದಿತಾಳದ ಎಂಟು ಎಣಿಕೆಗಳಿಗೆ ಸರಿಯಾಗಿ ಕೂರುತ್ತದೆ.

ಪ್ರತಿ ಮಗುವೂ ತನ್ನ ಹೆಸರನ್ನು, ತನ್ನ ಅಜ್ಜಿಯ ಊರನ್ನು ಹೀಗೆ ತೂಗಿ ನೋಡಲಿ. ಹೆಸರಿಲ್ಲದ ಮಗು ಇಲ್ಲವಾದ್ದರಿಂದ ಈ ಆಟದಲ್ಲಿ ಪಾಲಿಲ್ಲದ ಮಗುವೂ ಇರುವುದಿಲ್ಲ.

ಮಂಡಕ್ಕಿಯ ನೆನಪಿನೊಂದಿಗೆ ಮುಂದಿನ ಆಟಕ್ಕೆ ಬರುತ್ತೇನೆ. ಒಂದೇ ಅಳತೆಯ, ಹೊರಗಿನಿಂದ ಒಳಗೇನಿದೆ ಎಂದು ಕಾಣದ ಮುಚ್ಚಳದ ಡಬ್ಬಿಗಳನ್ನು ಹತ್ತು ಹನ್ನೆರಡು ಕೂಡಿಹಾಕಿ. ಎರಡರಲ್ಲಿ ಮಂಡಕ್ಕಿ, ಎರಡರಲ್ಲಿ ರಾಗಿ, ಎರಡರಲ್ಲಿ ಮೆಕ್ಕೆಜೋಳ, ಎರಡರಲ್ಲಿ ಹುಣಸೆಬೀಜ, ಎರಡರಲ್ಲಿ ಸಣ್ಣ ಕಲ್ಲು, ಹೀಗೆ ಜೋಡಿ ಜೋಡಿಯಾಗಿ ತುಂಬಿ, ಮುಚ್ಚಳವನ್ನು ಅಂಟಿಸಿ ಭದ್ರಪಡಿಸಿ. ಮಕ್ಕಳು ಒಂದೊಂದು ಡಬ್ಬಿ ಹಿಡಿದು, ಮಾತಾಡದೆ, ಅಲ್ಲಾಡಿಸುತ್ತಾ ತಮ್ಮ ಜೋಡಿಯನ್ನು ಹುಡುಕಿಕೊಳ್ಳಬೇಕು. ಮೆಕ್ಕೆಜೋಳ ಮತ್ತು ಕಲ್ಲು ಬೇಗ ಜೋಡಿಯಾಗುತ್ತವೆ. ರಾಗಿಯದು ಮಳೆ ಸುರಿದಂತಹ ಸದ್ದು. ಮಂಡಕ್ಕಿ ಮಾತ್ರ ಅಷ್ಟು ಹಗುರವಾದುದರಿಂದ ಪಿಸುಗುಟ್ಟುತ್ತದೆ. ಮಂಡಕ್ಕಿಯ ಇಬ್ಬರು ಕೂಡಬೇಕಾದರೆ ಇಡೀ ಕೋಣೆ ತಾನಾಗಿ ಸದ್ದಡಗಿಸಬೇಕು. "ಗಲಾಟೆ ಮಾಡಬೇಡಿ" ಎಂದು ನೂರು ಸಲ ಕೂಗಿ ಪಡೆಯಲಾಗದ ಮೌನವನ್ನು ನಾನು ಈ ಎರಡು ಮಂಡಕ್ಕಿ ಡಬ್ಬಿಗಳಿಂದ ಪಡೆದಿದ್ದೇನೆ. ಜೋಡಿಗಳಾದ ಮೇಲೆ ಅವೇ ಡಬ್ಬಿಗಳು ಗಿಲಕಿಗಳಾಗಿ ಮೇಳಕ್ಕೆ ಬರುತ್ತವೆ. ತೀರ ಚಿಕ್ಕ ಮಕ್ಕಳಿರುವ ಕಡೆ ಬೀಜ ಮತ್ತು ಕಲ್ಲುಗಳು ಬಾಯಿಗೆ, ಮೂಗಿಗೆ ಹೋಗುವ ಅಪಾಯವಿದೆಯೆಂಬುದನ್ನು ಮರೆಯದೆ ಮುಚ್ಚಳವನ್ನು ನೀವೇ ಎರಡು ಸಲ ಪರೀಕ್ಷಿಸಿ.

ಮೌನದ ಇನ್ನೊಂದು ಆಟವನ್ನು ನಾನು ಓಬವ್ವನ ಕಿಂಡಿ ಎಂದು ಕರೆಯುತ್ತೇನೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದ ಕಥೆಯನ್ನು ಚಿತ್ರದುರ್ಗದ ಯಾವ ಮಗುವಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಒಂದು ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡುವೆ ಕುಳಿತಿರುತ್ತದೆ. ಉಳಿದವರಲ್ಲಿ ಒಬ್ಬರು ಯಾವುದಾದರೂ ದಿಕ್ಕಿನಿಂದ ಕಾಲಿಗೆ ಒಂದು ಗೆಜ್ಜೆ ಕಟ್ಟಿಕೊಂಡು ಸದ್ದಾಗದಂತೆ ತೆವಳಿ ಬರಬೇಕು. ನಡುವಿನ ಮಗು ಸದ್ದು ಬಂದ ಕಡೆಗೆ ಕೈ ತೋರಿಸಬೇಕು. ಸಿಕ್ಕಿಬಿದ್ದವರು ಹೊರಗೆ ಹೋಗುವುದಿಲ್ಲ, ಮುಂದಿನ ಓಬವ್ವನಾಗುತ್ತಾರೆ. ದಿಕ್ಕು, ದೂರ, ಸದ್ದಿನ ಏರಿಳಿತ, ಇವು ಮೂರನ್ನೂ ಕಿವಿ ಒಟ್ಟಿಗೆ ಕಲಿಯುವ ಇಂತಹ ಆಟ ಬೇರೊಂದಿಲ್ಲ ಎಂಬುದು ನನ್ನ ಅನುಭವ. ಕಣ್ಣು ಕಾಣದ ಮಗು ತರಗತಿಯಲ್ಲಿದ್ದರೆ ಈ ಆಟದಲ್ಲಿ ಅದೇ ಉಳಿದವರಿಗೆ ಗುರುವಾಗುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ, ತಾವೇ ಕಣ್ಣು ಕಾಣದವರಾಗಿದ್ದೂ, ಎಷ್ಟೊಂದು ಅಂಧ ಮಕ್ಕಳನ್ನು ಗಾಯಕರನ್ನಾಗಿ, ವಾದಕರನ್ನಾಗಿ ಬೆಳೆಸಿದರು ಎಂಬುದನ್ನು ನಮ್ಮ ಭಾಗದವರು ಬಲ್ಲರು. ಕಿವಿ ಕೇಳದ ಮಗುವಿದ್ದರೆ ಅದರ ಎರಡೂ ಕೈಗಳಿಗೆ ಊದಿದ ಬಲೂನೊಂದನ್ನು ಕೊಟ್ಟು ಡೊಳ್ಳಿನ ಬಳಿ ನಿಲ್ಲಿಸಿ. ಚರ್ಮದ ಕಂಪನ ಬಲೂನಿನ ಮೂಲಕ ಅಂಗೈಗೆ ಬರುತ್ತದೆ, ಮಗು ಲಯವನ್ನು ಮುಟ್ಟಿ ತಿಳಿಯುತ್ತದೆ.

ನೀರಿನ ಆಟವನ್ನು ಬೇಸಿಗೆಯಲ್ಲಿ ಆಡಿಸುವುದು ಒಳ್ಳೆಯದು. ಒಂದೇ ಬಗೆಯ ಐದು ಗಾಜಿನ ಲೋಟಗಳಿಗೆ ಬೇರೆ ಬೇರೆ ಮಟ್ಟದಲ್ಲಿ ನೀರು ತುಂಬಿ ಮರದ ಚಮಚದಿಂದ ಮೆಲ್ಲಗೆ ತಟ್ಟಿದರೆ ನೀರು ಹೆಚ್ಚಿದಷ್ಟೂ ಸ್ವರ ತಗ್ಗುತ್ತದೆ. ಜಲತರಂಗದ ಪಿಂಗಾಣಿ ಬಟ್ಟಲುಗಳನ್ನು ಶ್ರುತಿ ಮಾಡುವುದೂ ಹೀಗೆಯೇ. ಆಮೇಲೆ ಬಾಟಲಿಗಳಿಗೆ ಅದೇ ರೀತಿ ನೀರು ತುಂಬಿ, ತಟ್ಟುವ ಬದಲು ಬಾಯಿಯ ಅಂಚಿಗೆ ತುಟಿಯಿಟ್ಟು ಊದಿಸಿ. ಈಗ ನೀರು ಹೆಚ್ಚಿದಷ್ಟೂ ಸ್ವರ ಏರುತ್ತದೆ. ಮಕ್ಕಳು ಬೆರಗಾಗಿ ಕಾರಣ ಕೇಳುತ್ತಾರೆ, ಕೇಳಲೇಬೇಕು. ತಟ್ಟಿದಾಗ ಅದುರುವುದು ಗಾಜು, ಒಳಗಿನ ನೀರಿನ ಭಾರ ಅದರ ಅದುರುವಿಕೆಯನ್ನು ನಿಧಾನಗೊಳಿಸುತ್ತದೆ. ಊದಿದಾಗ ಅದುರುವುದು ನೀರಿನ ಮೇಲಿನ ಗಾಳಿ, ನೀರು ಏರಿದಷ್ಟೂ ಗಾಳಿಗೆ ಉಳಿಯುವ ಜಾಗ ಕಿರಿದಾಗಿ ಅದು ಬೇಗ ಬೇಗ ಅದುರುತ್ತದೆ. ಕಾಡುಗೊಲ್ಲರು ನುಡಿಸುವ ಉದ್ದನೆಯ ಬಿದಿರಿನ ಗಣೆಗೆ ಅಷ್ಟು ಆಳವಾದ, ಕೊಳಲಿಗಿಂತ ತಗ್ಗಿನ ದನಿ ಏಕೆ ಬರುತ್ತದೆ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ.

ಈ ಐದು ಲೋಟಗಳನ್ನು ಸ, ರಿ, ಗ, ಪ, ದ ಸ್ವರಗಳಿಗೆ ಹೊಂದಿಸಿಕೊಂಡರೆ ಮೋಹನ ರಾಗ ಸಿಗುತ್ತದೆ, ಹಿಂದೂಸ್ತಾನಿಯವರ ಭೂಪ್. ಪುರಂದರದಾಸರಿಂದ (1484–1564) ಬಂದ ಕ್ರಮವೆಂದು ನಾವು ಗೌರವಿಸುವ ಸರಳೆ, ಜಂಟಿ ವರಸೆಗಳು ಮಾಯಾಮಾಳವಗೌಳದಲ್ಲಿವೆ, ಶಾಸ್ತ್ರೀಯ ಪಾಠಕ್ಕೆ ಅದೇ ಸರಿ. ಆದರೆ ಆಟಕ್ಕೆ ನಾನು ಮೋಹನವನ್ನೇ ಆರಿಸುತ್ತೇನೆ. ಅದರಲ್ಲಿ ಒಂದಕ್ಕೊಂದು ಒತ್ತಿಕೊಂಡಿರುವ ಸ್ವರಗಳಿಲ್ಲ; ಐದು ಮಕ್ಕಳು ಒಟ್ಟಿಗೆ ಯಾವ ಸ್ವರವನ್ನು ಯಾವಾಗ ನುಡಿಸಿದರೂ ಕರ್ಕಶವಾಗುವುದಿಲ್ಲ. ಜರ್ಮನಿಯ ಕಾರ್ಲ್ ಓರ್ಫ್ (1895–1982) ಮಕ್ಕಳ ವಾದ್ಯಗಳಿಂದ ಬೇಡದ ಪಟ್ಟಿಗಳನ್ನು ಕಳಚಿಟ್ಟು ಐದು ಸ್ವರಗಳನ್ನಷ್ಟೇ ಉಳಿಸುತ್ತಿದ್ದುದೂ ಇದೇ ಕಾರಣಕ್ಕೆ. ಮಕ್ಕಳು ಈ ಸ್ವರಗಳಿಗೆ ಒಗ್ಗಿದ ಮೇಲೆ "ಕಳ್ಳಸ್ವರ" ಆಡಿಸಿ: ಆರೋಹಣ ಹಾಡುತ್ತಾ ಒಂದು ಸ್ವರವನ್ನು ಬಚ್ಚಿಟ್ಟು ಮುಂದೆ ಹೋಗಿ, ತಪ್ಪಿಸಿಕೊಂಡದ್ದು ಯಾವುದೆಂದು ಅವರು ಹಾಡಿ ತೋರಿಸಲಿ. ಒಬ್ಬರೇ ಉತ್ತರಿಸಬೇಕೆಂದು ಒತ್ತಾಯಿಸಬೇಡಿ. ಗುಂಪಿನೊಂದಿಗೆ ದನಿಗೂಡಿಸುತ್ತಲೇ ಶ್ರುತಿ ಸೇರುವ ಮಕ್ಕಳು ಬಹಳ ಇದ್ದಾರೆ. ಮುಖ್ಯವಾಗಿ ಗಂಡು ಮೇಷ್ಟ್ರುಗಳಲ್ಲಿ ನನ್ನ ಪ್ರಾರ್ಥನೆ, ನಿಮ್ಮ ಶ್ರುತಿಗೆ ಮಕ್ಕಳನ್ನು ಇಳಿಸಬೇಡಿ. ನಿಮಗೆ ಹಿತವಾದ ಷಡ್ಜ ಅವರ ಗಂಟಲಿಗೆ ನಿಲುಕದಷ್ಟು ತಗ್ಗಾಗಿರುತ್ತದೆ, ಆಗ ಮಗು ಗೊಣಗುತ್ತದೆ, ನಾವು ಅದನ್ನು ಶ್ರುತಿಯಿಲ್ಲದ ಮಗು ಎಂದುಬಿಡುತ್ತೇವೆ. "ನೀನು ಸುಮ್ಮನೆ ಬಾಯಿ ಆಡಿಸು ಸಾಕು" ಎಂಬ ಮಾತನ್ನು ಕೇಳಿದ ಮಗು ಎಷ್ಟೋ ವರ್ಷ ಮತ್ತೆ ಹಾಡುವುದಿಲ್ಲ. ನನ್ನ ತಂಗಿಗೆ ಆ ಮಾತನ್ನು ಶಾಲೆಯಲ್ಲಿ ಹೇಳಿದ್ದರು. ತನ್ನ ಮಗುವಿಗೆ ಜೋಗುಳ ಹಾಡುವವರೆಗೆ ಅವಳ ಹಾಡನ್ನು ನಾವು ಕೇಳಲಿಲ್ಲ.

ಮನೆಗೆ ಕೊಡುವ ಒಂದೇ ಒಂದು ಕೆಲಸವನ್ನು ಹೇಳುತ್ತೇನೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಆದರೂ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡುತ್ತಿದ್ದರು. ಅಂತಹ ಭಂಡಾರವಲ್ಲದಿದ್ದರೂ ಪ್ರತಿ ಮನೆಯ ಅಜ್ಜಿಯ ಬಳಿ ಬೀಸುವಾಗಿನದೋ ಕಣ್ಣಾಮುಚ್ಚಾಲೆಯದೋ ಒಂದೆರಡು ಪದಗಳಾದರೂ ಉಳಿದಿರುತ್ತವೆ. ಮಗು ಅದನ್ನು ಬರೆದುಕೊಳ್ಳದೆ, ಮೊಬೈಲಿನಲ್ಲಿ ಹಿಡಿದಿಡದೆ, ಕಿವಿಯಿಂದ ಕಲಿತು ಬಂದು ತರಗತಿಗೆ ಕಲಿಸಲಿ. ಎರಡು ಮನೆಗಳಿಂದ ಒಂದೇ ಪದ ಬೇರೆ ಬೇರೆ ಧಾಟಿಯಲ್ಲಿ ಬಂದರೆ ಯಾವುದು ಸರಿ ಎಂದು ತೀರ್ಪು ಕೊಡಬೇಡಿ, ಎರಡನ್ನೂ ಹಾಡಿಸಿ.

ಈಗ ನನ್ನ ಮಾತನ್ನು ನಿಲ್ಲಿಸಿ ನಿಮ್ಮ ಕೈಗಳಿಗೆ ಕೆಲಸ ಕೊಡುತ್ತೇನೆ. ಊರುಗಳ ಆಟದಲ್ಲಿ ಎರಡು ಹೆಸರುಗಳನ್ನು ನಾನು ಬೇಕೆಂದೇ ಬಿಟ್ಟಿದ್ದೆ. "ದಾವಣಗೆರೆ" ಎರಡು ಮತ್ತು ನಾಲ್ಕು, ಒಟ್ಟು ಆರು ಮಾತ್ರೆ, ರೂಪಕ ತಾಳದ ಅಳತೆ. "ಚಿತ್ರದುರ್ಗ" ಮೂರು ಮತ್ತು ಮೂರು, ಅದೂ ಆರೇ. 1997ರಲ್ಲಿ ಜಿಲ್ಲೆಗಳು ಎರಡಾದವು, ಆವರ್ತ ಒಂದೇ ಉಳಿದಿದೆ. ಎಡಗಡೆ ಕುಳಿತವರು ದಾವಣಗೆರೆ ಎನ್ನುತ್ತಾ ಒಂದನೆಯ ಮತ್ತು ಮೂರನೆಯ ಮಾತ್ರೆಗೆ ತಟ್ಟಬೇಕು, ಬಲಗಡೆಯವರು ಚಿತ್ರದುರ್ಗ ಎನ್ನುತ್ತಾ ಒಂದನೆಯ ಮತ್ತು ನಾಲ್ಕನೆಯದಕ್ಕೆ. ಮೊದಲ ಪೆಟ್ಟಿನಲ್ಲಿ ಎಲ್ಲರೂ ಕೂಡುತ್ತೀರಿ, ಮುಂದಿನದರಲ್ಲಿ ಅಗಲುತ್ತೀರಿ, ಮತ್ತೆ ಬಂದು ಕೂಡುತ್ತೀರಿ. ತಪ್ಪಿದವರು ಕೈ ಕಟ್ಟಿ ಕೂರಬಾರದು, ಮುಂದಿನ ಮೊದಲ ಪೆಟ್ಟಿಗೆ ಸೇರಿಕೊಳ್ಳಬೇಕು. ನಿಧಾನವಾಗಿ ಆರಂಭಿಸೋಣ. ಮಕ್ಕಳು ಯಾವ ಕಡೆ ಬೇಕಾದರೂ ಸೇರಬಹುದು. ಒಂದು, ಎರಡು…