ಒಂದೇ ದನಿಯಲ್ಲಿ ಮುಗಿಯುವ ಆ್ಯಬಾ ಆಲ್ಬಮ್

ಆ್ಯಬಾ ಎಂದೊಡನೆ ಬಹಳ ಜನರಿಗೆ ನೆನಪಾಗುವುದು 'ಡ್ಯಾನ್ಸಿಂಗ್ ಕ್ವೀನ್'. 1974ರ ಯೂರೋವಿಷನ್ ಗಾಯನ ಸ್ಪರ್ಧೆಯಲ್ಲಿ 'ವಾಟರ್ಲೂ' ಹಾಡಿ ಗೆದ್ದ ಈ ಸ್ವೀಡನ್ನಿನ ನಾಲ್ವರ ಹಾಡುಗಳು ಇಂದಿಗೂ ಮದುವೆಯ ಆರತಕ್ಷತೆಗಳಲ್ಲಿ ಮೊಳಗುತ್ತಿವೆ. ನಾನು ಇಂದು ಮಾತನಾಡಲು ಹೊರಟಿರುವುದು ಅವರ ಜನಪ್ರಿಯ ಹಾಡುಗಳ 'ಗೋಲ್ಡ್' ಸಂಕಲನದಲ್ಲಿ ಜಾಗ ಸಿಗದ, 1981ರ ನವೆಂಬರಿನಲ್ಲಿ ಬಂದ 'ದಿ ವಿಸಿಟರ್ಸ್' ಆಲ್ಬಮ್ಮಿನ ಕಟ್ಟಕಡೆಯ ಹಾಡಿನ ಬಗ್ಗೆ: 'ಲೈಕ್ ಆನ್ ಏಂಜಲ್ ಪಾಸಿಂಗ್ ಥ್ರೂ ಮೈ ರೂಮ್'.

ಈ ಹಾಡಿನ ಬೆಲೆ ತಿಳಿಯಬೇಕಾದರೆ ಆ್ಯಬಾ ಹಾಡುಗಳು ಸಾಮಾನ್ಯವಾಗಿ ಹೇಗೆ ತಯಾರಾಗುತ್ತಿದ್ದವು ಎಂಬುದನ್ನು ತಿಳಿದಿರಬೇಕು. ಧ್ವನಿಮುದ್ರಣ ಮಾಡುತ್ತಿದ್ದ ಮೈಕೆಲ್ ಟ್ರೆಟೋವ್, ಅಗ್ನೆತಾ ಮತ್ತು ಫ್ರೀಡಾ ಹಾಡಿದ್ದನ್ನೇ ಮತ್ತೆ ಮತ್ತೆ ಹಾಡಿಸಿ, ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸಿ, ಪದರದ ಮೇಲೆ ಪದರ ಸೇರಿಸುತ್ತಿದ್ದರು. ಇಬ್ಬರು ಗಾಯಕಿಯರ ದನಿ ಇಡೀ ಮೇಳದಂತೆ ಕೇಳಿಸುತ್ತಿದ್ದುದು ಇದರಿಂದಲೇ. ಈ ಕೊನೆಯ ಹಾಡಿನಲ್ಲಿ ಅದೆಲ್ಲವನ್ನೂ ಕೈಬಿಡಲಾಗಿದೆ. ಗಡಿಯಾರದ ಟಿಕ್ ಟಿಕ್ ಸದ್ದು, ಕೀಲಿ ಕೊಟ್ಟ ಸಂಗೀತದ ಪೆಟ್ಟಿಗೆಯಂತೆ ಸಣ್ಣಗೆ ಸುಳಿಯುವ, ತಂಡದ ಬೆನ್ನಿಯ ಸಿಂಥಸೈಸರ್, ಅದರ ಮೇಲೆ ಫ್ರೀಡಾ ಒಬ್ಬರ ದನಿ, ಅಷ್ಟೇ. ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ, ಹಿಂದಿನಿಂದ ದನಿಗೂಡಿಸುವ ಅಗ್ನೆತಾ ಕೂಡ ಇಲ್ಲ. ಕತ್ತಲಾದ ಮೇಲೆ ಆರುತ್ತಿರುವ ಕೆಂಡದ ಮುಂದೆ ಕುಳಿತು, ಮುಗಿದುಹೋದ ಪ್ರೀತಿಯನ್ನು ಅರೆನಿದ್ದೆಯಲ್ಲಿ ನೆನೆಯುವ ಹೆಂಗಸಿನ ಮಾತು ಇದು. ಅವಳ ಜೊತೆ ಇನ್ನೊಂದು ದನಿ ಸೇರಿದ್ದರೆ ಅವಳ ಒಂಟಿತನವನ್ನು ಯಾರು ನಂಬುತ್ತಿದ್ದರು?

ಈ ಸರಳತೆ ಮೊದಲ ಯತ್ನದಲ್ಲೇ ಒದಗಿದ್ದಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. 2012ರ ವಿಶೇಷ ಆವೃತ್ತಿಯಲ್ಲಿ ಹೊರಬಂದ ಕರಡು ಧ್ವನಿಮುದ್ರಣಗಳನ್ನು ಕೇಳಿದರೆ, ಇದೇ ರಾಗವನ್ನು ಅವರು ಬೇರೆ ಬೇರೆ ಸಾಹಿತ್ಯದೊಡನೆ, ಒಂದು ಹಂತದಲ್ಲಿ ಡಿಸ್ಕೊ ತಾಳದಲ್ಲಿಯೂ ಪ್ರಯತ್ನಿಸಿದ್ದು ಗೊತ್ತಾಗುತ್ತದೆ. ಡಿಸ್ಕೊ ರೂಪವೂ ಕಿವಿಗೆ ಹಿತವಾಗಿಯೇ ಇದೆ, ಆದರೆ ಕೇಳಿದ ಮರುಕ್ಷಣ ಮರೆತುಹೋಗುತ್ತದೆ.

ಬೆನ್ನಿ ಮತ್ತು ಫ್ರೀಡಾ ಬೇರೆಯಾಗಿದ್ದು ಅದೇ 1981ರಲ್ಲಿ. ಹಾಗಾಗಿ ಈ ಹಾಡನ್ನು ಅವರ ದಾಂಪತ್ಯದ ಕೊನೆಯ ಪುಟವೆಂದು ಓದುವವರಿದ್ದಾರೆ. ಸಾಹಿತ್ಯ ಬರೆದವರು ತಂಡದ ನಾಲ್ಕನೆಯವರಾದ ಬ್ಯೋರ್ನ್ ಆದ್ದರಿಂದ ಆ ಓದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ, ಈಗಷ್ಟೇ ಬೇರೆಯಾದ ಗಂಡನ ವಾದ್ಯವೊಂದನ್ನೇ ಆಸರೆಯಾಗಿಟ್ಟುಕೊಂಡು ಹಾಡುವಾಗಲೂ ಫ್ರೀಡಾ ದನಿಯನ್ನು ಎಲ್ಲಿಯೂ ನಡುಗಿಸುವುದಿಲ್ಲ, ಅಳುವನ್ನು ನಟಿಸುವುದಿಲ್ಲ. ಅಗ್ನೆತಾರ ಎತ್ತರದ ದನಿಗೆ ಹೋಲಿಸಿದರೆ ತುಸು ತಗ್ಗಿನದಾದ ಆ ಕಂಠ ಒಂದೊಂದು ಸಾಲನ್ನೂ ಅವಸರವಿಲ್ಲದೆ ಇಳಿಸುತ್ತದೆ.

ಆಲ್ಬಮ್ಮಿನಲ್ಲಿ ಇದರ ಹಿಂದಿನ ಹಾಡಾಗಿ, ಮಗಳು ಕೈಜಾರಿ ಬೆಳೆದುಬಿಡುತ್ತಿದ್ದಾಳೆಂದು ತಾಯಿ ಹಾಡುವ 'ಸ್ಲಿಪಿಂಗ್ ಥ್ರೂ ಮೈ ಫಿಂಗರ್ಸ್' ಬರುತ್ತದೆ. 'ಮಮ್ಮಾ ಮಿಯಾ' ನಾಟಕ, ಸಿನಿಮಾಗಳ ದೆಸೆಯಿಂದ ಅದಕ್ಕೆ ಹೊಸ ಕೇಳುಗರು ಸಿಕ್ಕರು. ಅದರ ಬೆನ್ನಿಗೇ ಇರುವ ಇದಕ್ಕೆ ಆ ಭಾಗ್ಯ ಒದಗಲಿಲ್ಲ. ಮುಂದೆ 2021ರಲ್ಲಿ 'ವಾಯೇಜ್' ಬರುವವರೆಗೆ, ನಲವತ್ತು ವರ್ಷ, ಆ್ಯಬಾ ಸ್ಟುಡಿಯೋ ಆಲ್ಬಮ್‌ಗಳ ಕೊನೆಯ ಹಾಡಾಗಿ ಉಳಿದದ್ದು ಇದೇ. ಹಾಗಿದ್ದೂ ನಂತರದ ಸಿಡಿಗಳಲ್ಲಿ ಇದರ ಹಿಂದೆ ನಾಲ್ಕೈದು ಹೆಚ್ಚುವರಿ ಹಾಡುಗಳನ್ನು ಪೋಣಿಸಿದ್ದಾರೆ. ಹಾಡುಗಳೇನೋ ಚೆನ್ನಾಗಿಯೇ ಇವೆ, ಜಾಗ ಮಾತ್ರ ತಪ್ಪು. ಅಂಥ ಸಿಡಿ ನಿಮ್ಮಲ್ಲಿದ್ದರೆ, ಒಂಬತ್ತನೆಯದಾದ ಈ ಹಾಡು ಮುಗಿದ ಕೂಡಲೇ ನಿಲ್ಲಿಸಿಬಿಡಿ.